ನಾಲ್ಕು ಕುರ್ಚಿಯ ಪ್ರಶ್ನೆ

ಮಕ್ಕಳ ಕುರ್ಚಿಯ ಮೇಲೆ ಕೂತ ಗಂಡಸನ್ನು ನಂಬಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಆ ಶನಿವಾರ ಬೆಳಿಗ್ಗೆ, ಸಿಂಗಾಪುರದ ಬಿಶಾನ್‌ನಲ್ಲಿರುವ ನಮ್ಮ ಟ್ಯೂಷನ್ ಸೆಂಟರಿನ ಹಿಂದಿನ ಸಾಲಿನಲ್ಲಿ, ಪುಟ್ಟ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದವನನ್ನು ಕಂಡಾಗ ನನ್ನ ಮನಸ್ಸು ಹೇಳಿದ್ದು ಅದನ್ನೇ.

ನನ್ನ ಹೆಸರು ಶೈಲಶ್ರೀ. ಮಕ್ಕಳಿಗೆ ಟೀಚರ್ ಶೈ. ನಾನು ಕಲಿಸುವುದಕ್ಕೆ ಟೈಮ್‌ಟೇಬಲಿನಲ್ಲಿ ಥಿಂಕಿಂಗ್ ಸ್ಕಿಲ್ಸ್ ಎಂದು ಬರೆದಿರುತ್ತದೆ. ನಮ್ಮಪ್ಪನ ಮಾತಿನಲ್ಲಿ ಹೇಳುವುದಾದರೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನದ ಹಾಗೆ ಮಕ್ಕಳನ್ನು ತಯಾರು ಮಾಡುವ ಕೆಲಸ. ಯಾರು ಏನು ಹೇಳಿದರೂ 'ಹೇಗೆ ಗೊತ್ತು' ಎಂದು ಕೇಳುವುದೇ ಕಸುಬಾದವಳನ್ನು ಸಂಶಯವೆನ್ನುವುದು ಕ್ಲಾಸು ಮುಗಿದ ಮೇಲೂ ಬಿಡುವುದಿಲ್ಲ. ನನಗಿನ್ನೂ ಮದುವೆಯಾಗದಿರುವುದಕ್ಕೆ ಅದೇ ಕಾರಣ ಎಂದು ನಮ್ಮವ್ವ ಜುರಾಂಗ್ ವೆಸ್ಟ್‌ನ ನಮ್ಮ ಬ್ಲಾಕಿನಲ್ಲಿ ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಅವತ್ತು ಬಟ್ಟೆಯ ಚೀಲವೊಂದನ್ನು ಎತ್ತಿ ಹಿಡಿದು, "ಇದರಲ್ಲಿ ಆನೆ ಇದೆ," ಎಂದಿದ್ದೆ.

"ಟೀಚರ್ ಬ್ಲಫ್ ಮಾಡ್ತಿದ್ದಾರೆ," ಎಂದು ಜುನ್ ಹಾವ್ ತನ್ನ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟ. ಉಳಿದವರೂ ನಕ್ಕರು. ಭೂಮಿ ಮಾತ್ರ ನಗಲಿಲ್ಲ. ಎರಡು ಜಡೆಯ ಆ ಹುಡುಗಿ ಚೀಲವನ್ನೇ ದಿಟ್ಟಿಸಿ ನೋಡಿ, "ಯಾವ ಸೈಜ್ ಆನೆ, ಟೀಚರ್?" ಎಂದು ಕೇಳಿದಳು.

ನಾನು ಚೀಲದಿಂದ ಹೆಬ್ಬೆರಳಿನಷ್ಟು ದೊಡ್ಡ ಮರದ ಆನೆಯನ್ನು ತೆಗೆದು ಅವಳ ಕೈಗಿಟ್ಟೆ. ಸಾಧ್ಯವಿಲ್ಲ ಅನ್ನುವ ಮೊದಲು ಕೇಳಬೇಕು, ಅದೇ ಅವತ್ತಿನ ಪಾಠ. ಮಕ್ಕಳ ಕೈಯಿಂದ ಕೈಗೆ ಆನೆ ಹೋಗುವಾಗ ಹಿಂದೆ ಕೂತವನು ಕತ್ತು ಉದ್ದ ಮಾಡಿ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆನೆಯನ್ನು ನೋಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ.

ಭೂಮಿಯ ಅಮ್ಮ ರೇಣುಕಾ ದಾವಣಗೆರೆಯವರು. ಹಾಗಾಗಿ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಭಾಷೆಯೊಂದಿದೆ ಎನ್ನುವ ಧೈರ್ಯದಲ್ಲಿ ನಾನು ಬಗ್ಗಿ, "ಹಿಂದೆ ತಿರುಗಬೇಡ ಪುಟ್ಟಾ. ಆ ಅಂಕಲ್ ಪೊಲೀಸ್ ಇದ್ದ ಹಾಗಿದ್ದಾನೆ," ಎಂದೆ.

"ಪೊಲೀಸ್ ಅಲ್ಲ ಮೇಡಂ," ಎಂದಿತು ಹಿಂದಿನ ಸಾಲು. "ಪರೀಕ್ಷೆ ಮಾಡೋನು."

ನನ್ನ ಕಿವಿ ಬಿಸಿಯಾಯಿತು. ಅವನು ಏಳಲು ಹೋದ. ನೀಲಿ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಅದನ್ನು ಸೊಂಟದಿಂದ ಬಿಡಿಸಿಕೊಳ್ಳಲು ಅವನು ಪಟ್ಟ ಪಾಡಿಗೆ ಇಡೀ ಕ್ಲಾಸು ನಕ್ಕಿತು. ನಾನು ನಗಬಾರದೆಂದು ಬೋರ್ಡಿನ ಕಡೆ ತಿರುಗಿದೆ.

ಅವನ ಹೆಸರು ಗಿರಿಧರ್. ಮಕ್ಕಳ ಯೋಚನಾಶಕ್ತಿಯನ್ನು ಅಳೆಯುವ ಪರೀಕ್ಷೆ ತಯಾರಿಸುವ ಬೆಂಗಳೂರಿನ ಒಂದು ಕಂಪನಿಯವನು. ಆ ಪರೀಕ್ಷೆಯನ್ನು ಇಲ್ಲಿನ ಕೆಲವು ಸೆಂಟರುಗಳಲ್ಲಿ ಪ್ರಯೋಗ ಮಾಡಿ ನೋಡಲು ಒಂದು ತಿಂಗಳ ಹಿಂದಷ್ಟೇ ಬಂದಿದ್ದ. ನಮ್ಮ ಸೆಂಟರಿನ ಒಡತಿ ಮಿಸೆಸ್ ಲಿಮ್ ಅವನನ್ನು ಪರಿಚಯಿಸುತ್ತಲೇ ನನ್ನ ಹಣೆಬರಹವನ್ನೂ ತಿಳಿಸಿದರು. ತಂದೆತಾಯಂದಿರಿಗೆ ವರ್ಕ್‌ಶೀಟು ಬೇಕು, ಮೂರನೇ ಕ್ಲಾಸಿನ ಆಯ್ಕೆ ಪರೀಕ್ಷೆಗೆ ತಯಾರಿ ಬೇಕು. ಚೀಲದೊಳಗಿನ ಆನೆಯಂಥ ಆಟಕ್ಕೆ ಫೀಸು ಯಾಕೆ ಕೊಡಬೇಕು ಎಂದು ಕೇಳುತ್ತಿದ್ದಾರೆ. ಈ ಪರೀಕ್ಷೆಯಲ್ಲಿ ನನ್ನ ಮಕ್ಕಳು ಚೆನ್ನಾಗಿ ಮಾಡಿದರೆ ಕ್ಲಾಸು ಉಳಿಯುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷದಿಂದ ಆ ರೂಮಿನಲ್ಲಿ ಮ್ಯಾತ್ಸ್ ಟ್ಯೂಷನ್ ನಡೆಯುತ್ತದೆ.

ನಾನು ಗಿರಿಧರನ ಮುಖ ನೋಡಿದೆ. ಅವನು ತುಂಬ ವಿನಯದಿಂದ ನಕ್ಕ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ.

*

ಪರೀಕ್ಷೆಯ ದಿನ ನನ್ನನ್ನು ನನ್ನ ಕ್ಲಾಸಿನಿಂದಲೇ ಹೊರಗೆ ಹಾಕಿದರು. ಅದು ನಿಯಮವಂತೆ. ನಾನು ಕಾರಿಡಾರಿನಲ್ಲಿ ನಿಂತು ಬಾಗಿಲಿನ ಗಾಜಿನಿಂದ ಒಳಗೆ ನೋಡುತ್ತಿದ್ದೆ.

ಅವನು ಪೆನ್ಸಿಲ್ ಹಂಚುತ್ತಿದ್ದ. ಒಂದೊಂದು ಪೆನ್ಸಿಲಿನ ಮೊನೆಯನ್ನೂ ಬೆರಳ ತುದಿಗೆ ಮುಟ್ಟಿಸಿ ನೋಡಿ ಕೊಡುತ್ತಿದ್ದ. ಜುನ್ ಹಾವ್‌ನ ಶೂ ಲೇಸು ಬಿಚ್ಚಿಕೊಂಡಿದ್ದನ್ನು ಕಂಡು ಕುಕ್ಕರಗಾಲಿನಲ್ಲಿ ಕೂತು ಕಟ್ಟಿದ. ಎದ್ದವನು ಗಾಜಿನ ಕಡೆ ತಿರುಗಿದ. ನಾನು ತಕ್ಷಣ ನೋಟಿಸ್ ಬೋರ್ಡಿನ ಮೇಲಿದ್ದ ಫೈರ್ ಡ್ರಿಲ್ ಸೂಚನೆಯನ್ನು ಭಕ್ತಿಯಿಂದ ಓದತೊಡಗಿದೆ. ಮತ್ತೆ ಇಣುಕಿದಾಗ ಅವನು ಅಲ್ಲೇ ನಿಂತಿದ್ದ, ನಾನು ಇಣುಕುತ್ತೇನೆಂದು ಗೊತ್ತಿದ್ದವನ ಹಾಗೆ, ನಗುವನ್ನು ಕೆಳದುಟಿಯಲ್ಲಿ ಕಚ್ಚಿ ಹಿಡಿದುಕೊಂಡು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ ಎನ್ನುವುದೇ ನನ್ನ ಸಂಶಯಕ್ಕೆ ಮೊದಲ ಕಾರಣವಾಯಿತು.

ಮಕ್ಕಳು ಹೋದ ಮೇಲೆ ಪ್ಯಾಂಟ್ರಿಯ ಬೆಂಚಿನಲ್ಲಿ ಅವನು ಡಬ್ಬಿ ಬಿಚ್ಚಿದ. ತಿಂಗಳಿಟ್ಟರೂ ಕೆಡದ ಖಟಿ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮನೆಯ ವಾಸನೆ. ನನ್ನ ಕಾಲು ತಾನೇ ಅಲ್ಲಿ ನಿಂತಿತು.

"ತಗೊಳ್ಳಿ," ಎಂದ.

"ಲಂಚನಾ?"

"ಉತ್ತರ ಪತ್ರಿಕೆ ಸೀಲ್ ಆಗಿದೆ. ಈಗ ಲಂಚ ಕೊಟ್ಟರೂ ಪ್ರಯೋಜನ ಇಲ್ಲ."

"ಒಂದು ತಿಂಗಳಿಂದ ಇದನ್ನೇ ತಿಂತಿದ್ದೀರಾ? ಕೆಳಗೇ ಹಾಕರ್ ಸೆಂಟರ್ ಇದೆ, ಸಾಲಾಗಿ ಊಟದ ಅಂಗಡಿಗಳು."

"ನಾನು ಪ್ಯೂರ್ ವೆಜ್. ಅಲ್ಲಿ ಯಾವ ಎಣ್ಣೇಲಿ ಏನು ಕರೀತಾರೋ ಅಂತ ಒಂದು ದಿನಾನೂ ಕಾಲಿಟ್ಟಿಲ್ಲ. ರಾತ್ರಿ ಲಿಟಲ್ ಇಂಡಿಯಾದಲ್ಲಿ ಮೆಸ್ಸು, ಮಧ್ಯಾಹ್ನ ಊರಿಂದ ತಂದ ರೊಟ್ಟಿ."

ನಾನು ಮಕ್ಕಳಿಗೆ ಎಂಥ ಉದಾಹರಣೆ ಕೊಡುತ್ತೇನೆಂದು ಕೇಳುತ್ತ ರೊಟ್ಟಿಯನ್ನು ನನ್ನ ಕಡೆ ಸರಿಸಿದ. ಅವನದು ಗದಗಿನ ಹತ್ತಿರದ ಊರು. ಅದನ್ನು ಕೇಳಿದ್ದೇ ನಾನು ಹೇಳಬಾರದ್ದನ್ನೆಲ್ಲ ಹೇಳಿಬಿಟ್ಟೆ. ನಮ್ಮಪ್ಪ ನಾಗಲಿಂಗಪ್ಪ ಗದಗ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಿಟಕಿಯಿಂದ ಕರ್ಚೀಪು ಹಾಕಿ ಸೀಟು ಹಿಡಿದದ್ದು, ನೂಕಿಕೊಂಡು ಹತ್ತುವಷ್ಟರಲ್ಲಿ ಆ ಕರ್ಚೀಪಿನ ಮೇಲೆ ಒಬ್ಬ ಹುಡುಗಿ ಕೂತಿದ್ದದ್ದು, 'ನನ್ನ ಕರ್ಚೀಪು' ಎಂದರೆ 'ಇಳಿಯುವಾಗ ಕೊಡ್ತೀನಿ' ಎಂದದ್ದು. "ಹುಬ್ಬಳ್ಳಿ ಬಂತು, ಇಳಿದಳು, ಸಿಂಗಾಪುರಕ್ಕೂ ಬಂದಳು, ಕರ್ಚೀಪು ಮಾತ್ರ ಇವತ್ತಿಗೂ ಕೊಟ್ಟಿಲ್ಲ ಅಂತಾರೆ ಅಪ್ಪ," ಎಂದೆ.

ಅವನು ಎಷ್ಟು ನಕ್ಕನೆಂದರೆ ರೊಟ್ಟಿಯ ಚೂರು ಗಂಟಲಿಗೆ ಸಿಕ್ಕಿತು. ನೀರು ಕುಡಿದು, ಕಣ್ಣೊರೆಸಿಕೊಂಡು, "ಛಲೋ ಕುಂತಾರ ನಿಮ್ಮವ್ವಾರು," ಎಂದ. ಅಲ್ಲಿಯವರೆಗೂ ನೀಟಾಗಿ ಇಸ್ತ್ರಿ ಮಾಡಿದ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದವನ ಬಾಯಲ್ಲಿ ಗದಗು ಇಣುಕಿತು. ಸಂಕೋಚಕ್ಕೆ ಬೆಂಗಳೂರು, ಮನಸ್ಸು ಬಿಚ್ಚಿದಾಗ ಗದಗು. ಇದನ್ನು ಗುರುತಿಟ್ಟುಕೊಂಡೆ. ಮುಂದೆಂದಾದರೂ ಉಪಯೋಗಕ್ಕೆ ಬರುತ್ತದೆ ಎನ್ನಿಸಿತು.

*

ಮುಂದಿನ ಶನಿವಾರ ಕ್ಲಾಸು ಮುಗಿಯುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ. ನಾನು ಆ ದಿನ ಹೊಸ ಕುರ್ತಾ ಹಾಕಿಕೊಂಡು ಬಂದಿದ್ದೆ. ಯಾಕೆ ಹಾಕಿಕೊಂಡೆ ಎಂದು ಈಗ ಹೇಳುವುದಿಲ್ಲ.

"ಶೈಲಶ್ರೀ ಅವರೇ, ಒಂದು ವಿಷಯ ಕೇಳಬೇಕಿತ್ತು," ಎಂದ. ಅವನ ಮಾತಿನಲ್ಲಿ ಗದಗಿನ ಸುಳಿವೇ ಇರಲಿಲ್ಲ. "ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಯಾರ ಕೈಗಾದರೂ ಸಿಕ್ಕಿತ್ತಾ?"

"ಯಾರ ಕೈಗೆ ಅಂದರೆ?"

ಅವನು ನನ್ನ ಭುಜದ ಆಚೆಗಿನ ಗೋಡೆಯನ್ನು ನೋಡಿಕೊಂಡು ಹೇಳಿದ. "ಒಂದು ಪ್ರಶ್ನೆಗೆ ನಿಮ್ಮ ಕ್ಲಾಸಿನ ಎಲ್ಲ ಮಕ್ಕಳೂ ಒಂದೇ ಉತ್ತರಕ್ಕೆ ಟಿಕ್ ಹಾಕಿದ್ದಾರೆ. ಸರಿಯುತ್ತರ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ತಿರಲಿಲ್ಲ. ಎಲ್ಲರೂ ಒಂದೇ ತಪ್ಪುತ್ತರ ಬರೆದಿದ್ದಾರೆ. ಅದೂ ಯಾರೂ ಹಾಕಲ್ಲ ಅಂತ ನಾವು ಸುಮ್ಮನೆ ಇಟ್ಟಿದ್ದ ಉತ್ತರ. ಬೇರೆ ಸೆಂಟರುಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ಹಾಕಿದ್ದಾರೆ. ಇಲ್ಲಿ ಮಾತ್ರ..."

ಮುಂದಿನದನ್ನು ನಾನೇ ಪೂರ್ತಿ ಮಾಡಿಕೊಂಡೆ. ಸರಿಯುತ್ತರ ಎಲ್ಲರಿಗೂ ಹೊಳೆಯಬಹುದು. ಒಂದೇ ತಪ್ಪುತ್ತರ ಎಲ್ಲರಿಗೂ ಹೊಳೆಯಬೇಕೆಂದರೆ ಯಾರೋ ಹೇಳಿಕೊಟ್ಟಿರಬೇಕು.

"ಯಾವ ಪ್ರಶ್ನೆ ಅದು?"

"ಹೇಳೋ ಹಾಗಿಲ್ಲ. ಇನ್ನೂ ಕೆಲವು ಕಡೆ ಪರೀಕ್ಷೆ ಆಗಬೇಕು."

"ಮಕ್ಕಳನ್ನ ಕೇಳಿದ್ರಾ, ಯಾಕೆ ಹಾಗೆ ಹಾಕಿದ್ರಿ ಅಂತ?"

"ಅದನ್ನೂ ಕೇಳೋ ಹಾಗಿಲ್ಲ. ಪ್ರಶ್ನೆ ಹೊರಗೆ ಹೋಗುತ್ತೆ."

"ಒಳ್ಳೇದಾಯ್ತು. ನನಗೆ ಪ್ರಶ್ನೆ ಗೊತ್ತಾಗಬಾರದು, ಆದರೆ ನಾನೇ ಅದನ್ನ ಕದ್ದಿದ್ದೀನಿ."

"ನಿಮ್ಮ ಹೆಸರು ನಾನು ಹೇಳಲಿಲ್ಲ."

"ಕ್ಲಾಸಿಗೆ ಟೀಚರ್ ಎಷ್ಟು ಜನ ಇದ್ದಾರೆ?"

ಬರುವ ಶುಕ್ರವಾರ ಮಿಸೆಸ್ ಲಿಮ್‌ಗೆ ವರದಿ ಕೊಡಬೇಕು ಎಂದಷ್ಟೇ ಹೇಳಿದ. ವರದಿಯಲ್ಲಿ ಆ ಮಾತು ಬಂದರೆ ಕ್ಲಾಸು ಹೋಗುವುದು ಹಾಗಿರಲಿ, ಈ ಊರಿನಲ್ಲಿ ಇನ್ನು ಯಾವ ಸೆಂಟರಿನವರೂ ನನ್ನನ್ನು ಮಕ್ಕಳ ಹತ್ತಿರ ಬಿಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಗೋಡೆ ನೋಡುತ್ತಿದ್ದ.

ಅವತ್ತು ಮನೆಗೆ ಹೋಗುವ ಎಂಆರ್‌ಟಿ ರೈಲಿನಲ್ಲಿ ನಾನು ಪ್ಯಾಂಟ್ರಿಯ ಮಾತುಕತೆಯನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ರೊಟ್ಟಿ ಕೊಟ್ಟದ್ದು ಯಾಕೆ? ಕೆಳದುಟಿ ಕಚ್ಚಿ ನಕ್ಕದ್ದು ಯಾಕೆ? ಎಷ್ಟು ಮೃದುವಾಗಿ ಕೇಳಿದ್ದ, 'ನೀವು ಮಕ್ಕಳಿಗೆ ಎಂಥ ಉದಾಹರಣೆ ಕೊಡ್ತೀರಿ' ಎಂದು. ನಾನು ಅದನ್ನು ಆಸಕ್ತಿ ಎಂದುಕೊಂಡಿದ್ದೆ. ಅದು ವಿಚಾರಣೆ. ನನ್ನ ಅಪ್ಪ ಅವ್ವನ ಕರ್ಚೀಪನ್ನೂ ಅವನ ಮುಂದೆ ಬಿಚ್ಚಿಟ್ಟಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಸಂಶಯ ಕೆಟ್ಟದ್ದು. ಅದಕ್ಕೆ ಒಬ್ಬರ ಮನೆ ಸಾಲುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ನಾನೇ ತಿಳಿಯದೆ ಅಂಥದ್ದೇನಾದರೂ ಹೇಳಿಕೊಟ್ಟಿದ್ದೆನೆ? ಆಫೀಸ್ ರೂಮಿನಲ್ಲಿ ಇಟ್ಟಿದ್ದ ಪ್ರಶ್ನೆಪತ್ರಿಕೆಯ ಕಟ್ಟನ್ನು ಯಾವ ಮಗುವಾದರೂ ಬಿಚ್ಚಿತ್ತೆ? ಬುಧವಾರದ ಕ್ಲಾಸಿನಲ್ಲಿ ಒಂದೊಂದು ಮುಖವನ್ನೂ ಹುಡುಕುವ ಕಣ್ಣಿನಿಂದ ನೋಡಿದೆ. ಭೂಮಿ ಚಿತ್ರಕ್ಕೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ, "ಟೀಚರ್, ಯಾಕೆ ಇವತ್ತು ನಮ್ಮನ್ನ ಹಾಗೆ ನೋಡ್ತಿದ್ದೀರಿ?" ಎಂದಳು.

ಆ ಮಕ್ಕಳ ಕಡೆ ನನ್ನನ್ನು ಹಾಗೆ ನೋಡುವಂತೆ ಮಾಡಿದ್ದಕ್ಕೆ ಅವನನ್ನು ಎಂದಿಗೂ ಕ್ಷಮಿಸುವುದಿಲ್ಲ ಎಂದು ತೀರ್ಮಾನಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಜುರಾಂಗಿನ ಶಿಪ್‌ಯಾರ್ಡಿನಲ್ಲಿ ದುಡಿದು ರಿಟೈರ್ ಆದವರು, ಮಾತು ಕಡಿಮೆ. ಸಾರಿನಲ್ಲಿ ಅನ್ನ ಕಲಸುತ್ತ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರವ್ವಾ," ಎಂದರು.

"ಅದನ್ನ ಅವನಿಗೆ ಹೇಳ್ರಿ ಅಪ್ಪಾ."

"ಅವಗ ಅಷ್ಟೇ ಅಲ್ಲ. ನಿನಗೂ."

ಅವ್ವ ಅಡುಗೆಮನೆಯಿಂದಲೇ, "ಆ ಹುಡುಗ ಯಾರ ಪೈಕಿ ಅಂತ ಕೇಳಿದ್ಯಾ?" ಎಂದಳು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

*

ಗುರುವಾರ ಬೆಳಿಗ್ಗೆ ಅವನ ಮೆಸೇಜ್ ಬಂತು. ಸೆಂಟರಿನಲ್ಲಿ ಬೇಡ, ಹೊರಗೆಲ್ಲಾದರೂ ಮಾತಾಡಬೇಕು, ವರದಿ ಕಳಿಸುವ ಮೊದಲು.

ಹೊರಗೆ ಎಂದರೆ ಏನೋ ಒಪ್ಪಂದ ಎಂದುಕೊಂಡೆ. ತಪ್ಪೊಪ್ಪಿಕೊಂಡರೆ ಮೆತ್ತಗೆ ಬರೆಯುತ್ತೇನೆ ಎನ್ನುತ್ತಾನೆ. ಹಾಗೆಂದರೆ ಏನೇನು ಹೇಳಬೇಕೆಂದು ನಾನು ಬಸ್ಸಿನಲ್ಲಿ ವಾಕ್ಯ ವಾಕ್ಯವಾಗಿ ತಯಾರಾದೆ. ಬೇಕೆಂದೇ ಸೆಂಟರಿನ ಹತ್ತಿರದ ಹಾಕರ್ ಸೆಂಟರಿಗೆ ಬರಹೇಳಿದ್ದೆ. ಅವನಿಗೆ ಅಲ್ಲಿ ಕಷ್ಟವಾಗಲಿ ಎಂದು.

ಊಟದ ಹೊತ್ತು. ಕೂರಲು ಜಾಗವಿಲ್ಲದೆ ಜನ ಟ್ರೇ ಹಿಡಿದು ಸುತ್ತುತ್ತಿದ್ದರು. ಆ ಗದ್ದಲದ ನಡುವೆ ಒಂದಿಡೀ ಟೇಬಲನ್ನು ಹಿಡಿದುಕೊಂಡು ಗಿರಿಧರ್ ಒಬ್ಬನೇ ರಾಜನ ಹಾಗೆ ಕೂತಿದ್ದ. ನನ್ನನ್ನು ಕಂಡು ಕೈಯೆತ್ತಿದ. ಜಾಗ ಸಿಕ್ಕಿದ ಹೆಮ್ಮೆ ಮುಖದಲ್ಲಿ ಕಾಣುತ್ತಿತ್ತು.

ನಾನು ಹತ್ತಿರ ಹೋಗಿ ಟೇಬಲಿನ ಮೂಲೆ ನೋಡಿದೆ. "ಏಳಿ ಮೊದಲು," ಎಂದೆ.

"ಯಾಕೆ? ಖಾಲಿ ಇತ್ತು."

"ಖಾಲಿ ಇರಲಿಲ್ಲ. ಟಿಶ್ಯೂ ಪ್ಯಾಕೆಟ್ ಕಾಣಿಸಲಿಲ್ವಾ?"

"ಯಾರೋ ಮರೆತು ಹೋಗಿದ್ದಾರೆ ಅಂತ ಪಕ್ಕಕ್ಕೆ ಸರಿಸಿದೆ."

ಅಷ್ಟರಲ್ಲಿ ಕೊರಳಿಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡ ನಾಲ್ವರು ಹೆಂಗಸರು ಟ್ರೇಗಳೊಂದಿಗೆ ಬಂದು ನಿಂತರು. ಅವರಲ್ಲೊಬ್ಬರು ಟಿಶ್ಯೂ ಪ್ಯಾಕೆಟನ್ನೂ ಅವನನ್ನೂ ಒಂದೊಂದು ಸಲ ನೋಡಿದರು. ನಾನು ಸಾರಿ ಹೇಳಿ, ಅವನ ತೋಳು ಹಿಡಿದು ಎಬ್ಬಿಸಿ, ಕಂಬದ ಪಕ್ಕಕ್ಕೆ ಎಳೆದುಕೊಂಡು ಬಂದೆ.

"ಇಲ್ಲಿ ಜನ ಮೊದಲು ಟೇಬಲ್ ಮೇಲೆ ಟಿಶ್ಯೂ ಇಟ್ಟು ಆಮೇಲೆ ಊಟ ತರೋಕೆ ಹೋಗ್ತಾರೆ. ಚೋಪ್ ಮಾಡೋದು ಅಂತಾರೆ. ಇಟ್ಟ ಮೇಲೆ ಆ ಟೇಬಲ್ ಅವರದು. ಯಾರೂ ಕೂರಲ್ಲ."

ಅವನು ಕದಲಲಿಲ್ಲ. ನನ್ನ ಕೈ ಇನ್ನೂ ಅವನ ತೋಳಿನ ಮೇಲಿತ್ತು. ಅದು ಇಬ್ಬರಿಗೂ ಗೊತ್ತಾಗಿರಲಿಲ್ಲ.

"ಇದು ಎಲ್ಲರಿಗೂ ಗೊತ್ತಿರುತ್ತಾ? ಮಕ್ಕಳಿಗೂ?"

"ಇಲ್ಲಿ ಬೆಳೆದ ಮಕ್ಕಳಿಗೆ ಎಬಿಸಿಡಿಗಿಂತ ಮುಂಚೆ ಗೊತ್ತಿರುತ್ತೆ. ಯಾಕೆ?"

ಅವನ ಮುಖದ ಬಣ್ಣ ಇಳಿಯಿತು. ಕಂಬಕ್ಕೆ ಒರಗಿಕೊಂಡ. "ಅಯ್ಯೋ," ಎಂದ ಮೆಲ್ಲಗೆ. "ನಾ ಎಂಥಾ ಹುಚ್ಚ ಅದೀನ್ರೀ."

ಗದಗು. ನನ್ನ ಮೈಯೆಲ್ಲ ಕಿವಿಯಾಯಿತು.

ಆಮೇಲೆ ಅವನು ಹೇಳಬಾರದ ಪ್ರಶ್ನೆಯನ್ನು ಹೇಳಿದ. ಚಿತ್ರದಲ್ಲಿ ಒಂದು ಹಾಕರ್ ಸೆಂಟರ್. ಒಂದು ಟೇಬಲಿನಲ್ಲಿ ಜನ ತುಂಬಿದ್ದಾರೆ. ಇನ್ನೊಂದಕ್ಕೆ ಎರಡೇ ಕುರ್ಚಿ. ಮತ್ತೊಂದರಲ್ಲಿ ಒಂದು ಕುರ್ಚಿ ಮುರಿದಿದೆ. ಕೊನೆಯದರಲ್ಲಿ ನಾಲ್ಕು ಕುರ್ಚಿ, ಯಾರೂ ಇಲ್ಲ. ನಾಲ್ಕು ಜನರ ಒಂದು ಕುಟುಂಬ ಬಂತು, ಎಲ್ಲಿ ಕೂರುತ್ತಾರೆ? ಪ್ರಶ್ನೆ ಬರೆದದ್ದು ಬೆಂಗಳೂರಿನಲ್ಲಿ, ಅವನೇ. ಚಿತ್ರ ಬರೆದದ್ದು ಇಲ್ಲಿನ ಕಲಾವಿದೆ. ಟೇಬಲ್ ಬೋಳಾಗಿ ಕಾಣುತ್ತದೆಂದು ಮೂಲೆಯಲ್ಲಿ ಒಂದು ಟಿಶ್ಯೂ ಪ್ಯಾಕೆಟ್ ಬರೆದಿದ್ದಳು. ಬೆಂಗಳೂರಿನಲ್ಲಿ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ನಿಮ್ಮ ಮಕ್ಕಳೆಲ್ಲ 'ಎಲ್ಲಿಯೂ ಜಾಗವಿಲ್ಲ' ಅಂತ ಟಿಕ್ ಹಾಕ್ಯಾರ. ಬ್ಯಾರೆ ಕಡೆ ಕೆಲವರು ನಾಲ್ಕು ಕುರ್ಚಿದಕ್ಕ ಹಾಕಿದ್ರು."

"ಅವರು ಕುರ್ಚಿ ಎಣಿಸಿದ್ದಾರೆ. ನನ್ನ ಮಕ್ಕಳು ಟೇಬಲ್ ನೋಡಿದ್ದಾರೆ."

"ಹೌದ್ರೀ." ಅವನು ಕಣ್ಣೆತ್ತಿದ. ಇಡೀ ವಾರದಲ್ಲಿ ಮೊದಲ ಸಲ ಗೋಡೆಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದ. "ಇವತ್ತು ನಿಮ್ಮನ್ನ ಕರೆದದ್ದು ಯಾಕಂದ್ರ, ವರದಿ ಬರಿಯಾಕ ಕೈ ಬರಲಿಲ್ಲ. ಲೆಕ್ಕ ನೋಡಿದ್ರ ನೀವ ಮಾಡೀರಿ ಅಂತೈತಿ. ನಿಮ್ಮನ್ನ ನೋಡಿದ್ರ ಇಲ್ಲ ಅಂತೈತಿ. ಎರಡರಾಗ ಯಾವುದು ಸುಳ್ಳು ಅಂತ ತಿಳೀಲಿಲ್ಲ."

ಈ ಮಾತಿಗೆ ನಾನು ಕರಗಬೇಕಿತ್ತು. ಅರ್ಧ ಕರಗಿದೆ ಕೂಡ. ಉಳಿದರ್ಧಕ್ಕೆ ಬುಧವಾರದ ಭೂಮಿಯ ಮುಖ ನೆನಪಾಯಿತು. ತೋಳಿನ ಮೇಲಿದ್ದ ಕೈ ತೆಗೆದೆ.

"ಟಿಶ್ಯೂ ಗೊತ್ತಿರಲಿಲ್ಲ, ಅದು ತಪ್ಪಲ್ಲ. ಆದರೆ ಬಸ್ಸಿನ ಸೀಟಿಗೆ ಕರ್ಚೀಪು ಹಾಕೋ ಊರಿಂದ ಬಂದು, ಆ ಕಥೆ ಕೇಳಿ ನಕ್ಕು, ಅದೇ ದಿನ ಆ ಉತ್ತರ ಪತ್ರಿಕೆ ಬ್ಯಾಗಿನಲ್ಲಿ ಇಟ್ಕೊಂಡು ಹೋದ್ರಿ. ಹೋಗಲಿ. ಆನೆ ಚೀಲದ ಕ್ಲಾಸಲ್ಲಿ ಹಿಂದೆ ಕೂತಿದ್ರಲ್ಲ, ಭೂಮಿ ಏನು ಮಾಡಿದಳು ನೆನಪಿದೆಯಾ?"

"ಯಾವ ಸೈಜ್ ಅಂತ ಕೇಳಿದ್ಲು."

"ಎರಡನೇ ಕ್ಲಾಸಿನ ಹುಡುಗಿ ಕೇಳಿದಳು. ನೀವು ಕೇಳಲಿಲ್ಲ. ಯೋಚನೆ ಅಳೆಯೋ ಪರೀಕ್ಷೆ ನಿಮ್ಮದು, ಅದರಲ್ಲಿ 'ಯಾಕೆ' ಅಂತ ಬರೆಯೋಕೆ ಒಂದು ಗೆರೆ ಜಾಗ ಇಲ್ಲ. ನಿಮ್ಮ ಮನಸ್ಸಲ್ಲೂ ಇರಲಿಲ್ಲ."

"ಸಾರಿ."

"ನನಗೆ ಬೇಡ. ಅವರಿಗೆ ಹೇಳಿ."

ನಾನು ಊಟ ಮಾಡದೆ ಹೊರಟೆ. ತಯಾರು ಮಾಡಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

*

ಅವನು ಬರುತ್ತಾನೆಂದು ನಾನು ನಂಬಿರಲಿಲ್ಲ. ದೊಡ್ಡವರು ಮಕ್ಕಳ ಹತ್ತಿರ ತಪ್ಪು ಒಪ್ಪಿಕೊಳ್ಳುವುದನ್ನು ನಾನು ಹೆಚ್ಚು ನೋಡಿಲ್ಲ. ವರದಿ ಏನು ಬರೆದನೋ ಎಂದು ಶುಕ್ರವಾರವಿಡೀ ಫೋನ್ ನೋಡಿದೆ. ಏನೂ ಬರಲಿಲ್ಲ.

ಶನಿವಾರ ಕ್ಲಾಸು ಶುರುವಾದ ಸ್ವಲ್ಪ ಹೊತ್ತಿಗೆ ಅವನು ಮಿಸೆಸ್ ಲಿಮ್ ಜೊತೆ ಒಳಗೆ ಬಂದ. ಕೈಯಲ್ಲಿ ಆ ಚಿತ್ರ, ದೊಡ್ಡದಾಗಿ ಪ್ರಿಂಟ್ ಮಾಡಿದ್ದು. ಅದನ್ನು ಬೋರ್ಡಿಗೆ ಅಂಟಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನೀಲಿ ಕುರ್ಚಿಯ ಸಹವಾಸಕ್ಕೆ ಹೋಗಲಿಲ್ಲ.

"ಇಲ್ಲಿ ಎಲ್ಲೂ ಜಾಗ ಇಲ್ಲ ಅಂತ ನೀವೆಲ್ಲ ಹೇಳಿದ್ರಿ," ಎಂದು ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದ. "ಯಾಕೆ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸುಲಭದ ಪ್ರಶ್ನೆಯಲ್ಲಿ ಏನೋ ಮೋಸವಿರಬೇಕು ಎನ್ನುವ ಗುಮಾನಿ ಎಲ್ಲರ ಕಣ್ಣಿನಲ್ಲೂ ಇತ್ತು. ನನ್ನ ಮಕ್ಕಳೇ, ಸಂದೇಹವಿಲ್ಲ.

"ಗಾಟ್ ಟಿಶ್ಯೂ ಲಾ, ಅಂಕಲ್," ಎಂದಳು ಭೂಮಿ ಕೊನೆಗೆ ಸಿಂಗಾಪುರದ ಇಂಗ್ಲಿಷಿನಲ್ಲಿ, ತುಂಬ ಕನಿಕರದಿಂದ. ಜುನ್ ಹಾವ್ ಬೋರ್ಡಿನ ಹತ್ತಿರ ಹೋಗಿ ಪ್ಯಾಕೆಟಿನ ಮೇಲೆ ಬೆರಳಿಟ್ಟು ತೋರಿಸಿದ, ಅಂಕಲ್‌ಗೆ ಕನ್ನಡಕ ಬೇಕೇನೋ ಎನ್ನುವ ಹಾಗೆ.

"ನನಗೆ ಇದು ಗೊತ್ತಿರಲಿಲ್ಲ," ಎಂದ ಅವನು. "ನಿಮ್ಮನ್ನ ಕೇಳದೆ ನೀವು ಕಾಪಿ ಮಾಡಿದ್ದೀರಿ ಅಂದುಕೊಂಡೆ. ಟೀಚರ್ ಬಗ್ಗೆಯೂ ಹಾಗೇ ಅಂದುಕೊಂಡೆ. ನಂದು ತಪ್ಪು. ಸಾರಿ."

ಭೂಮಿ ಸ್ವಲ್ಪ ಯೋಚಿಸಿದಳು. "ಪರವಾಗಿಲ್ಲ ಅಂಕಲ್. ಮುಂದಿನ ಸಲ ಮೊದಲು ಕೇಳಿ," ಎಂದಳು.

ಮಿಸೆಸ್ ಲಿಮ್ ಆ ಚಿತ್ರವನ್ನು ನೋಡುತ್ತ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆ ಪ್ರಶ್ನೆಯನ್ನು ಕೈಬಿಟ್ಟು ಲೆಕ್ಕ ಹಾಕಿದ್ದಾರೆಂದೂ, ನನ್ನ ಕ್ಲಾಸು ಮುಂದಿನ ವರ್ಷಕ್ಕೂ ಉಳಿಯಿತೆಂದೂ ಹೊರಗೆ ಕಾರಿಡಾರಿನಲ್ಲಿ ಹೇಳಿದರು. ಅವನು ತನ್ನ ಕಂಪನಿಗೂ ನಿಜವನ್ನೇ ಬರೆದಿದ್ದನಂತೆ. ಬೈಸಿಕೊಂಡನಂತೆ. ಇನ್ನು ಪ್ರತಿ ಪ್ರಶ್ನೆಯನ್ನೂ ಇಲ್ಲಿನ ಮಕ್ಕಳ ಜೊತೆ ಕೂತು, ಯಾಕೆ ಎಂದು ಕೇಳಿ ತಿದ್ದಬೇಕಂತೆ. ಅದಕ್ಕೆ ಇಡೀ ವರ್ಷ ಹಿಡಿಯುತ್ತದಂತೆ. ಒಂದು ವರ್ಷ ಎಂದು ಕೇಳಿ ನನ್ನ ಎದೆ ಹೊಡೆದುಕೊಂಡ ರೀತಿ ನನಗೇ ಸಂಶಯಾಸ್ಪದವಾಗಿ ಕಂಡಿತು.

ಹೊರಡುವಾಗ ಅವನು ಬಾಗಿಲಲ್ಲಿ ನಿಂತ. "ಇವತ್ತು ಊಟಕ್ಕೆ ಕೆಳಗೆ ಇರ್ತೀನಿ. ಜಾಗ ಹಿಡಿದಿರ್ತೀನಿ. ಬರಲೇಬೇಕು ಅಂತಿಲ್ಲ," ಎಂದ. ಮತ್ತೆ ಇಸ್ತ್ರಿ ಮಾಡಿದ ಕನ್ನಡ. ನಾನು ಬೋರ್ಡು ಒರೆಸುತ್ತಿದ್ದೆ. ಅದು ಆಗಲೇ ಸ್ವಚ್ಛವಾಗಿತ್ತು.

*

ಹೋಗಬಾರದು ಎಂದುಕೊಳ್ಳುತ್ತಲೇ ಹೋದೆ. ಇದರಲ್ಲೂ ಏನಾದರೂ ಇರಬಹುದು ಎನ್ನುವ ಗುಮಾನಿ ಬಿಟ್ಟಿರಲಿಲ್ಲ. ಹಾಗಾಗಿ ಮೊದಲು ಕಂಬದ ಹಿಂದೆ ನಿಂತು ನೋಡಿದೆ.

ಗಿರಿಧರ್ ವೆಜಿಟೇರಿಯನ್ ಬೀ ಹೂನ್ ಅಂಗಡಿಯ ಸಾಲಿನಲ್ಲಿದ್ದ. ನಮ್ಮ ಶಾವಿಗೆ ಉಪ್ಪಿಟ್ಟಿನ ದಾಯಾದಿ ಅದು. ಎಣ್ಣೆ ಯಾವುದೆಂದು ಮುಂದಿದ್ದವರನ್ನು ವಿಚಾರಿಸುತ್ತಿದ್ದ. ಕೇಳುವುದನ್ನು ಕಲಿತಿದ್ದಾನೆ ಎಂದುಕೊಂಡೆ. ಸ್ವಲ್ಪ ದೂರದಲ್ಲಿ ಇಬ್ಬರು ಕೂರುವ ಒಂದು ಟೇಬಲ್. ಅದರ ಮೇಲೆ ಟಿಶ್ಯೂ ಪ್ಯಾಕೆಟ್ ಇರಲಿಲ್ಲ. ಒಂದು ಕುರ್ಚಿಯ ಮೇಲೆ, ನಾಲ್ಕು ಮಡಿಕೆ ಮಾಡಿ ಹಾಸಿದ, ನೀಲಿ ಚೌಕಳಿಯ ಕರ್ಚೀಪಿತ್ತು.

ಒಬ್ಬ ಆಂಟಿ ಟ್ರೇ ಹಿಡಿದು ಬಂದರು. ಟೇಬಲನ್ನು ನೋಡಿದರು, ಟಿಶ್ಯೂ ಇಲ್ಲ. ಕೂರಲು ಹೋದರು. ಸಾಲಿನಲ್ಲಿದ್ದ ಗಿರಿಧರ್ ಓಡಿ ಬಂದು ಕೈ ಮುಗಿದ, ಕರ್ಚೀಪು ತೋರಿಸಿದ. ಆಂಟಿಗೆ ಅರ್ಥವಾಗಲಿಲ್ಲ, ಆದರೂ ಹೋದರು. ಅವನು ಮರಳುವಷ್ಟರಲ್ಲಿ ಸಾಲಿನಲ್ಲಿ ಅವನ ಜಾಗ ಹೋಗಿತ್ತು. ಮತ್ತೆ ಹಿಂದೆ ನಿಂತ. ಈಗ ಟೇಬಲ್ ಒರೆಸುವ ಮುದುಕಪ್ಪ ಬಂದು ಕರ್ಚೀಪನ್ನು ಎರಡು ಬೆರಳಿನಲ್ಲಿ ಎತ್ತಿ ಬಕೆಟಿಗೆ ಹಾಕಲು ಹೋದ. ಗಿರಿಧರ್ ಮತ್ತೆ ಓಡಿದ. ಮತ್ತೆ ಸಾಲಿನ ಕೊನೆಗೆ ಹೋದ. ಊಟ ಇನ್ನು ಸಿಗುವ ಲಕ್ಷಣವಿರಲಿಲ್ಲ.

ಆ ಇಡೀ ಹಾಕರ್ ಸೆಂಟರಿನಲ್ಲಿ ಕರ್ಚೀಪಿನ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ಟಿಶ್ಯೂ ಇಟ್ಟಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಅವನಿಗೆ ಎಲ್ಲರಿಗೂ ತಿಳಿಯುವುದು ಬೇಕಿರಲಿಲ್ಲ. ನನ್ನ ಕಣ್ಣು ತುಂಬಿತು. ಅವನ ಮೇಲೆ ಪ್ರೀತಿ ಹುಟ್ಟಿತ್ತು, ಬಹುಶಃ ಶೂ ಲೇಸು ಕಟ್ಟಿದ ದಿನವೇ. ಅಲ್ಲಿಂದಾಚೆಗೆ ನಾನು ಸಂಶಯಪಟ್ಟದ್ದೆಲ್ಲ ಅದನ್ನೇ.

ನಾನು ಹೋಗಿ ಟೇಬಲಿನ ಪಕ್ಕ ನಿಂತೆ. ಅವನು ಮೂರನೇ ಸಲ ಓಡಿ ಬಂದ. ನಾನೆಂದು ತಿಳಿದು ನಿಂತುಬಿಟ್ಟ. ಹಣೆಯಲ್ಲಿ ಬೆವರಿತ್ತು. ಒರೆಸಿಕೊಳ್ಳಲು ಕರ್ಚೀಪು ಹುಡುಕಿದ ಕೈ ಖಾಲಿ ಜೇಬಿನಲ್ಲೇ ಉಳಿಯಿತು.

"ಇಲ್ಲಿ ಯಾರಾದರೂ ಇದ್ದಾರಾ?" ಎಂದೆ.

"ಇದ್ದಾರೆ. ಅಂದರೆ, ಬಂದರೆ."

"ಯಾಕೆ?"

ಯಾಕೆ ಎನ್ನುವುದಕ್ಕೆ ಟಿಕ್ ಹಾಕುವ ಚೌಕಗಳಿರುವುದಿಲ್ಲ. ನಾನು ಕಾದೆ. ಮಕ್ಕಳಿಗೆ ಕಾಯುವಷ್ಟೇ ತಾಳ್ಮೆಯಿಂದ ಕಾದೆ.

"ಯಾಕಂದ್ರ," ಎಂದ ಕೊನೆಗೆ, ನೆಲ ನೋಡಿಕೊಂಡು, "ನಿಮ್ಮ ಮ್ಯಾಲೆ ಸಂಶೆ ಬಂದಾಗ ನನಗ ಊಟ ಸೇರಲಿಲ್ಲ. ಹಂಗ ಯಾರ ಮ್ಯಾಲೂ ಆಗಿರಲಿಲ್ಲ. ನೀವಂದ್ರ ನನಗ ಭಾಳ ಜೀವ ಆಗೈತ್ರೀ. ಇದನ್ನ ನೀವು ನಂಬಬೇಕಂತಿಲ್ಲ. ಪ್ರಮಾಣಿಸಿ ನೋಡ್ರಿ, ವರ್ಷ ಹಿಡೀಲಿ."

ಅಪ್ಪಟ ಗದಗು. ಒಂದು ಅಕ್ಷರವೂ ಇಸ್ತ್ರಿಯಾಗಿರಲಿಲ್ಲ. ನನ್ನ ಪರೀಕ್ಷೆಯಲ್ಲಿ ಅವನು ಪಾಸಾಗಿದ್ದ. ಅದನ್ನು ಈಗಲೇ ಹೇಳುವ ಅವಸರ ನನಗಿರಲಿಲ್ಲ.

ನಾನು ಕುರ್ಚಿ ಎಳೆದುಕೊಂಡೆ. ಅವನು ಕರ್ಚೀಪು ತೆಗೆಯಲು ಬಗ್ಗಿದ. ಅವನ ಕೈ ತಲುಪುವ ಮೊದಲೇ ನಾನು ಅದರ ಮೇಲೆ ಕೂತೆ.

"ನನ್ನ ಕರ್ಚೀಪು..." ಎಂದ. ಹೇಳುತ್ತಿರುವಾಗಲೇ ಅವನಿಗೆ ಗೊತ್ತಾಯಿತು, ಕೆಳದುಟಿಯಲ್ಲಿ ನಗು ಬಂದು ನಿಂತಿತು.

"ಇಳಿಯುವಾಗ ಕೊಡ್ತೀನಿ," ಎಂದೆ.